ಟಾಲ್‌ಸ್ಟಾಯ್ ಅವರ ಕೈಗಳು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಅನುವಾದಿಸಿ ಪ್ರಕಟಿಸಿದ, ರಷ್ಯಾದ ಕಾದಂಬರಿಕಾರ ಟಾಲ್‌ಸ್ಟಾಯ್ ಅವರನ್ನು ಕುರಿತ, ಅಲ್ಲಿನವರೇ ಆದ ಕಿರಿಯ ಲೇಖಕ ಮ್ಯಾಕ್ಸಿಂ ಗಾರ್ಕಿಯವರ ಬರಹದ ಭಾಗಗಳನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಹುಟ್ಟಿದ ಊರು, ಇಸವಿ, ಕೃತಿಗಳ ವಿವರ ಯಾವುದೂ ಇಲ್ಲದ, ಒಂದಕ್ಕೊಂದು ಹೆಣೆದುಕೊಳ್ಳದ ತುಣುಕುಗಳನ್ನು ವ್ಯಕ್ತಿಚಿತ್ರವೆಂದು ಹೇಗೆ ಕರೆಯುವುದು ಎಂದು ಕೇಳಿದ್ದೀರಿ. ಜಗತ್ತೇ ಋಷಿಯೆಂದು ಕಂಡ ಹಿರಿಯರನ್ನು ಮುದುಡಿದ ಬಟ್ಟೆ ತೊಟ್ಟ, ಸಿಡುಕಿನ ಮುದುಕರನ್ನಾಗಿ ತೋರಿಸುವುದು ಗುರುದ್ರೋಹವಲ್ಲವೇ ಎಂದು ನೊಂದು ಬರೆದಿದ್ದೀರಿ. ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಗೌರವದ ದನಿಗೆ ಒಗ್ಗಿದ ಮನಸ್ಸಿಗೆ ಇದು ಕಸಿವಿಸಿ ತಂದಿತು ಎಂಬ ತಮ್ಮ ಮಾತು ನನಗೆ ಅರ್ಥವಾಗುತ್ತದೆ. ಆ ಬರಹ ಯಾವಾಗ, ಹೇಗೆ ಹುಟ್ಟಿತು ಎಂಬ ಟಿಪ್ಪಣಿಯನ್ನು ಜೊತೆಗೆ ಕೊಡದೆ ಬರಿಯ ತುಣುಕುಗಳನ್ನು ಅಚ್ಚು ಹಾಕಿದ್ದು ನಮ್ಮ ತಪ್ಪು; ಅದನ್ನು ಮೊದಲು ತಿದ್ದುತ್ತೇನೆ.

1901ರಲ್ಲಿ ರಷ್ಯಾದ ಚರ್ಚು ಟಾಲ್‌ಸ್ಟಾಯ್ ಅವರನ್ನು ಬಹಿಷ್ಕರಿಸಿತು. ಅದೇ ವರ್ಷದ ಶರತ್ಕಾಲದಲ್ಲಿ, 73ನೆಯ ವಯಸ್ಸಿನಲ್ಲಿ, ತೀವ್ರ ಕಾಯಿಲೆಯಿಂದ ಬಳಲುತ್ತಿದ್ದ ಅವರನ್ನು ಕ್ರಿಮಿಯಾದ ಕಡಲ ತೀರದ ಗಾಸ್ಪ್ರಾ ಎಂಬಲ್ಲಿಗೆ ಕರೆತಂದರು. ಅಲ್ಲಿಗೆ ಹತ್ತಿರದ ಒಲೆಯಿಜ್‌ನಲ್ಲಿ, ಪೊಲೀಸರ ಕಣ್ಗಾವಲಿನಲ್ಲಿ, ತಮ್ಮದೇ ಕ್ಷಯದ ಆರೈಕೆಗೆಂದು ಬಂದಿದ್ದ 33ರ ಗಾರ್ಕಿ ಇದ್ದರು. ಅವರು ಆಗಾಗ ಹೋಗಿ ಬರುತ್ತಿದ್ದರು, ಕೇಳಿದ್ದನ್ನೂ ಕಂಡದ್ದನ್ನೂ ಕೈಗೆ ಸಿಕ್ಕ ಕಾಗದದ ಚೂರುಗಳ ಮೇಲೆ ಗೀಚಿಡುತ್ತಿದ್ದರು. ಆ ಚೂರುಗಳು ಕಳೆದುಹೋದವೆಂದೇ ಅವರು ತಿಳಿದಿದ್ದರು. ಎಷ್ಟೋ ವರ್ಷಗಳ ಮೇಲೆ ಕೆಲವು ಸಿಕ್ಕವು. ಸಿಕ್ಕಷ್ಟನ್ನು, ನಡುವಿನ ಬಿರುಕುಗಳನ್ನು ಮುಚ್ಚಲು ಯತ್ನಿಸದೆ, ಅಂಕೆ ಹಾಕಿ 1919ರಲ್ಲಿ ಪ್ರಕಟಿಸಿದರು. ತಾವು ದೋಷವೆಂದು ಎತ್ತಿ ತೋರಿಸಿದ ಬಿಡಿಬಿಡಿತನ ಹೀಗೆ ಬಂದದ್ದು. ಅದನ್ನು ಹಾಗೆಯೇ ಉಳಿಸಿಕೊಳ್ಳುವ ನಿರ್ಧಾರ ಮಾತ್ರ ಗಾರ್ಕಿಯವರದು, ಮತ್ತು ಅದು ಬಹಳ ಯೋಚಿಸಿ ಮಾಡಿದ ನಿರ್ಧಾರವೆಂದೇ ನಾನು ನಂಬಿದ್ದೇನೆ. ಅಷ್ಟು ದೊಡ್ಡ ಮನುಷ್ಯನ ಬಳಿಗೆ ತಾನು ಹೋದದ್ದು ಕೆಲವೇ ಹೊತ್ತು, ಕಂಡದ್ದು ಕೆಲವೇ ಮಗ್ಗುಲು ಎಂಬ ಸತ್ಯವನ್ನು ಆ ಖಾಲಿ ಜಾಗಗಳೇ ಹೇಳುತ್ತವೆ.

ರಷ್ಯನ್ನರು ಈ ಪ್ರಕಾರವನ್ನು ‘ಸಾಹಿತ್ಯಿಕ ಭಾವಚಿತ್ರ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಆ ಮಾತಿಗೆ ಅವರಲ್ಲಿ ಎರಡು ಬಳಕೆಗಳಿವೆ. ಕಾದಂಬರಿಯ ಪಾತ್ರದ ಮುಖಚಹರೆಯ ವರ್ಣನೆಗೂ ‘ಪೋರ್ಟ್ರೇಟ್’ ಎನ್ನುತ್ತಾರೆ, ಬದುಕಿದ್ದ ಲೇಖಕರೊಬ್ಬರನ್ನು ಕುರಿತ ಸ್ವತಂತ್ರ ಬರಹಕ್ಕೂ ಅದೇ ಪದ. ಎರಡನೆಯದಕ್ಕೆ ಫ್ರಾನ್ಸಿನ ವಿಮರ್ಶಕ ಸೆಂತ್ ಬವ್ ಅವರ ಬರಹಗಳು ದಾರಿ ತೋರಿದವು. ರಷ್ಯಾದಲ್ಲಿ ಲೇಖಕರಾದ ಹರ್ಜೆನ್ ಮತ್ತು ತುರ್ಗೆನೇವ್ ಇಬ್ಬರೂ ತಮ್ಮ ಗೆಳೆಯ, ವಿಮರ್ಶಕ ಬೆಲಿನ್‌ಸ್ಕಿಯವರನ್ನು ತಮ್ಮ ನೆನಪಿನ ಬರಹಗಳಲ್ಲಿ ಚಿತ್ರಿಸಿ ಆ ದಾರಿಯನ್ನು ತಮ್ಮದಾಗಿಸಿಕೊಂಡರು. ಈ ಎರಡು ಬಳಕೆಗಳು ಗಾರ್ಕಿಯವರ ಬರಹದಲ್ಲಿ ಬಂದು ಕೂಡುತ್ತವೆ ಎಂಬುದು ನನ್ನ ಅಭಿಪ್ರಾಯ. ‘ಯುದ್ಧ ಮತ್ತು ಶಾಂತಿ’ಯನ್ನು ಓದಿದವರಿಗೆ ಎಳೆಯ ರಾಜಕುಮಾರಿ ಲೀಸಾಳ ಗಿಡ್ಡನೆಯ ಮೇಲ್ದುಟಿ, ಅದರ ಮೇಲಿನ ನಸುಗೂದಲು ಮರೆಯುವುದಿಲ್ಲ. ಟಾಲ್‌ಸ್ಟಾಯ್ ಆ ಒಂದು ತುಟಿಯನ್ನೇ ಮತ್ತೆ ಮತ್ತೆ ತೋರಿಸುತ್ತ ಹೋಗುತ್ತಾರೆ, ಕೊನೆಗೆ ಅವಳ ಪ್ರಾಯ, ಚೆಲುವು, ಅಳಲು ಎಲ್ಲವೂ ಅಲ್ಲಿಯೇ ನೆಲೆಸಿದಂತಾಗುತ್ತದೆ.

ಈಗ ಗಾರ್ಕಿಯವರ ಟಿಪ್ಪಣಿಗಳ ಆರಂಭಕ್ಕೆ ಬನ್ನಿ. ಅಲ್ಲಿ ಟಾಲ್‌ಸ್ಟಾಯ್ ಅವರ ಗಡ್ಡದ ವರ್ಣನೆಯಲ್ಲ, ಅವರ ಕೈಗಳ ವರ್ಣನೆ ಬರುತ್ತದೆ. ಚೆಂದವಿಲ್ಲದ, ಉಬ್ಬಿದ ನರಗಳಿಂದ ಗಂಟುಗಂಟಾದ ಕೈಗಳು. ಆದರೂ ಅಸಾಧಾರಣವಾಗಿ ಮಾತನಾಡುವ, ಸೃಷ್ಟಿಯ ಶಕ್ತಿ ತುಂಬಿದ ಕೈಗಳು. ಲಿಯೊನಾರ್ಡೊ ಡಾ ವಿಂಚಿಗೂ ಇಂಥವೇ ಇದ್ದಿರಬೇಕು ಎಂದುಕೊಳ್ಳುತ್ತಾರೆ ಗಾರ್ಕಿ. ಮಾತನಾಡುತ್ತಿರುವಾಗ ಆ ಬೆರಳುಗಳು ಆಡುತ್ತವೆ, ಮೆಲ್ಲಗೆ ಮಡಿಚಿಕೊಂಡು ಮುಷ್ಟಿಯಾಗುತ್ತವೆ, ಆಮೇಲೆ ಮುಷ್ಟಿ ಥಟ್ಟನೆ ಬಿಚ್ಚಿಕೊಳ್ಳುತ್ತದೆ, ಅದೇ ಗಳಿಗೆಗೆ ಬಾಯಿಂದ ತೂಕದ ಒಂದು ಮಾತು ಹೊರಬೀಳುತ್ತದೆ. ಟಾಲ್‌ಸ್ಟಾಯ್ ತಮ್ಮ ಪಾತ್ರಗಳನ್ನು ನೋಡಿದ ಕಣ್ಣಿನಿಂದಲೇ ಗಾರ್ಕಿ ಟಾಲ್‌ಸ್ಟಾಯ್ ಅವರನ್ನು ನೋಡುತ್ತಿದ್ದಾರೆ. ಶಿಷ್ಯನೊಬ್ಬ ಗುರುವಿನಿಂದ ಕಲಿತ ವಿದ್ಯೆಯನ್ನು ಗುರುವಿನ ಎದುರಿಗೇ ಪ್ರಯೋಗಿಸುವುದನ್ನು ನಾನು ದ್ರೋಹವೆಂದು ಎಣಿಸಲಾರೆ.

ಸಿಡುಕಿನ ಮಾತಿಗೆ ಬರುತ್ತೇನೆ. ದೇವರಿಗೂ ಟಾಲ್‌ಸ್ಟಾಯ್ ಅವರಿಗೂ ಇರುವ ಸಂಬಂಧ ಒಂದೇ ಗುಹೆಯಲ್ಲಿರುವ ಎರಡು ಕರಡಿಗಳನ್ನು ನೆನಪಿಗೆ ತರುತ್ತದೆ ಎಂಬ ಗಾರ್ಕಿಯವರ ಮಾತು ತಮ್ಮನ್ನು ಹೆಚ್ಚು ನೋಯಿಸಿದೆ. ಆದರೆ ಎಂಬತ್ತರ ಹೊಸಿಲಿನವರೆಗೂ ದೇವರೊಡನೆ ಹೀಗೆ ಸೆಣಸಿದ ಮನುಷ್ಯನನ್ನು ಶಾಂತ ಋಷಿಯನ್ನಾಗಿ ಬರೆದಿದ್ದರೆ ಆ ಸೆಣಸಾಟದ ಬೆಲೆಯನ್ನೇ ಕಳೆದಂತಾಗುತ್ತಿತ್ತಲ್ಲವೇ? ಒಂಟಿಯಾಗಿರುವಾಗ ಮನುಷ್ಯರು ಹೇಗಿರುತ್ತಾರೆ ಎಂಬುದನ್ನು ಕುರಿತ ಗಾರ್ಕಿಯವರ ಇನ್ನೊಂದು ಚಿಕ್ಕ ಬರಹವಿದೆ. ಅಲ್ಲಿ ಹಾದಿಬದಿಯ ಪೊದೆಯಲ್ಲಿ ಕಲ್ಲಿನ ಮೇಲೆ ಹಲ್ಲಿಯೊಂದು ಬಿಸಿಲು ಕಾಯಿಸುತ್ತಿರುತ್ತದೆ. ಟಾಲ್‌ಸ್ಟಾಯ್ ಸೊಂಟದ ಪಟ್ಟಿಯಲ್ಲಿ ಬೆರಳುಗಳನ್ನು ಸಿಕ್ಕಿಸಿಕೊಂಡು ಅದರ ಮುಂದೆ ನಿಂತು, ನಿನಗೆ ಸುಖವಾಗಿದೆ ಅಲ್ಲವೇ ಎಂದು ಕೇಳುತ್ತಾರೆ. ಆಮೇಲೆ ಸುತ್ತಲೂ ಎಚ್ಚರಿಕೆಯಿಂದ ಒಮ್ಮೆ ಕಣ್ಣಾಡಿಸಿ, ನನಗಿಲ್ಲ ಎಂದು ಆ ಹಲ್ಲಿಗೆ ಒಪ್ಪಿಸಿಕೊಳ್ಳುತ್ತಾರೆ. ಸಾವಿರಾರು ಜನ ನೆಮ್ಮದಿಯ ದಾರಿ ಕೇಳಿಕೊಂಡು ಬರುತ್ತಿದ್ದ ಮನೆಯ ಯಜಮಾನ, ತನ್ನ ನೆಮ್ಮದಿಗೇಡನ್ನು ಯಾರೂ ಕೇಳಿಸಿಕೊಳ್ಳದ ಹಾಗೆ ನೋಡಿಕೊಂಡು ಹೇಳಿದ ಮಾತು ಅದು. ಈ ಸಾಲುಗಳನ್ನು ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ. ಟಾಲ್‌ಸ್ಟಾಯ್ ಅವರ ಬಗ್ಗೆ ಇದ್ದ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ನಾವು ಸ್ಥಳದ ಅಭಾವದಿಂದ ಬಿಟ್ಟ ಭಾಗವನ್ನು ತಾವು ಓದಿದ್ದರೆ ಬಹುಶಃ ಪತ್ರದ ದನಿ ಬೇರೆಯಾಗಿರುತ್ತಿತ್ತು. ಟಿಪ್ಪಣಿಗಳು ಮುಗಿದ ಮೇಲೆ ಒಂದು ಪತ್ರವಿದೆ. 1910ರಲ್ಲಿ ಟಾಲ್‌ಸ್ಟಾಯ್ ಮನೆ ಬಿಟ್ಟು ಹೊರಟರೆಂಬ ಸುದ್ದಿ ಇಟಲಿಯ ಕಾಪ್ರಿಯಲ್ಲಿದ್ದ ಗಾರ್ಕಿಯವರನ್ನು ಮುಟ್ಟಿತು. ಅವರು ಸಿಟ್ಟಿನಿಂದ ಬರೆಯತೊಡಗಿದರು: ತಮ್ಮ ಬದುಕನ್ನು ಸಂತರೊಬ್ಬರ ಚರಿತ್ರೆಯಾಗಿ ಮಾರ್ಪಡಿಸಿಕೊಳ್ಳಬೇಕೆಂಬ ಹಟ ಇವರಿಗೆ ಬಹಳ ಕಾಲದಿಂದ ಇತ್ತು, ಕಷ್ಟಪಟ್ಟು ತಮ್ಮ ಬೋಧನೆಗೆ ತೂಕ ತರುವುದು ಇವರ ಉದ್ದೇಶ ಎಂದು. ಅಷ್ಟರಲ್ಲಿ ಸಾವಿನ ತಂತಿ ಬರುತ್ತದೆ, ಪತ್ರ ತುಂಡಾಗುತ್ತದೆ. ಮುಂದಿನ ಸಾಲುಗಳಲ್ಲಿ ಗಾರ್ಕಿ ತಾವು ಬಿಕ್ಕಿ ಅತ್ತದ್ದನ್ನು ಬರೆಯುತ್ತಾರೆ, ಮತ್ತೆ ನೆನಪುಗಳು ಶುರುವಾಗುತ್ತವೆ. ಕಡಲಂಚಿನ ಬಂಡೆಗಳ ನಡುವೆ ಬೂದುಬಣ್ಣದ ಮುದುಡಿದ ಬಟ್ಟೆಯಲ್ಲಿ ಕುಳಿತಿದ್ದ ಆ ಸಣ್ಣ ಆಕೃತಿ ಎಲ್ಲದರ ಆದಿ ಅಂತ್ಯಗಳನ್ನು ಬಲ್ಲ, ಜೀವ ತಳೆದ ಪುರಾತನ ಶಿಲೆಯಂತೆ ಕಾಣುವುದು ಈ ಭಾಗದಲ್ಲಿಯೇ. ಈ ಮನುಷ್ಯ ಇರುವವರೆಗೆ ಭೂಮಿಯ ಮೇಲೆ ತಾನು ಅನಾಥನಲ್ಲ ಎಂಬ ಮಾತೂ, ದೇವರನ್ನು ನಂಬದ ತಾನೇ ಅವರನ್ನು ದೇವಸಮಾನರೆಂದು ಕಂಡೆನೆಂಬ ಮಾತೂ ಇಲ್ಲಿವೆ. ಸಾವಿನ ಸುದ್ದಿ ತಿಳಿದ ಮೇಲೆ ಮೊದಲಿನ ಸಿಟ್ಟಿನ ಪುಟಗಳನ್ನು ಹರಿದು ಹಾಕುವುದು ಸುಲಭವಿತ್ತು. ಅವರು ಹರಿಯಲಿಲ್ಲ. ಸಿಟ್ಟು, ಅಳು, ಆರಾಧನೆ ಮೂರನ್ನೂ ಬಂದ ಕ್ರಮದಲ್ಲೇ ಓದುಗರ ಮುಂದೆ ಇಟ್ಟರು. ಬರೆದವನು ಎಲ್ಲಿ ನಿಂತು ನೋಡಿದ, ನೋಡುವಾಗ ಅವನ ಮನಸ್ಸು ಹೇಗಿತ್ತು ಎಂಬುದು ಚಿತ್ರದೊಳಗೇ ಉಳಿಯುವುದರಿಂದ ಈ ಪ್ರಕಾರ ಜೀವನಚರಿತ್ರೆಯಿಂದಲೂ ಸಂತಾಪದ ಲೇಖನದಿಂದಲೂ ಬೇರೆಯಾಗುತ್ತದೆ.

ಆ ನಿಲುವು ಅಲುಗಿದರೆ ಚಿತ್ರವೂ ಕೆಡುತ್ತದೆ. ಗಾರ್ಕಿ 1924ರಲ್ಲಿ ಲೆನಿನ್ ಅವರನ್ನು ಕುರಿತು ಬರೆದದ್ದನ್ನು 1930ರಲ್ಲಿ ತಿದ್ದಿದರು. ಮೊದಲ ರೂಪದಲ್ಲಿ ಕ್ರಾಂತಿಯ ಇನ್ನೊಬ್ಬ ನಾಯಕ ಟ್ರಾಟ್‌ಸ್ಕಿಯವರನ್ನು ಮೆಚ್ಚಿ ಆಡಿದ್ದ ಲೆನಿನ್, ಟ್ರಾಟ್‌ಸ್ಕಿ ದೇಶಭ್ರಷ್ಟರಾದ ಮೇಲೆ ಬಂದ ಎರಡನೆಯ ರೂಪದಲ್ಲಿ ಅವರು ನಮ್ಮವರಲ್ಲ ಎನ್ನುತ್ತಾರೆ. ಟಾಲ್‌ಸ್ಟಾಯ್ ಚಿತ್ರದ ಪಕ್ಕದಲ್ಲಿಟ್ಟು ಓದಿದಾಗ ಇದು ನನಗೆ ದುಃಖ ತರುತ್ತದೆ.

ಕಟ್ಟುನಿಟ್ಟಿಗೆ ಮಾದರಿಯಾಗಿ ನಾನು ಖೊದಸೇವಿಚ್ ಅವರನ್ನು ಹೆಸರಿಸುತ್ತೇನೆ. ದೇಶ ಬಿಟ್ಟು ಹೋದ ಈ ಕವಿ ತಮ್ಮ ಸಮಕಾಲೀನರ ಚಿತ್ರಗಳನ್ನು ‘ನೆಕ್ರೋಪೊಲಿಸ್’ (ಸತ್ತವರ ನಗರ) ಎಂಬ ಹೆಸರಿನಲ್ಲಿ 1939ರಲ್ಲಿ ಪ್ರಕಟಿಸಿದರು. ತಾನೇ ಕಂಡದ್ದು, ಸಂಬಂಧಪಟ್ಟವರೇ ಹೇಳಿದ್ದು, ದಾಖಲೆಯಲ್ಲಿ ಇರುವುದು ಇವಿಷ್ಟನ್ನೇ ಬಳಸಿದ್ದೇನೆ, ಬಾಯಿಂದ ಬಾಯಿಗೆ ಬಂದದ್ದನ್ನು ಬಿಟ್ಟಿದ್ದೇನೆ ಎಂದು ಮೊದಲಲ್ಲೇ ಹೇಳುತ್ತಾರೆ. ಇಟಲಿಯ ಸೊರೆಂಟೊದಲ್ಲಿ ಅವರು ಗಾರ್ಕಿಯವರ ಮನೆಯಲ್ಲಿಯೇ ತಂಗಿದ್ದರು, ಹೀಗಾಗಿ ಆ ಪುಸ್ತಕದಲ್ಲಿ ಗಾರ್ಕಿಯವರದೂ ಒಂದು ಚಿತ್ರವಿದೆ. ಊಟವಾದ ಮೇಲೆ ಬೂದಿತಟ್ಟೆಯಲ್ಲಿ ಸಿಗರೇಟಿನ ತುಂಡುಗಳೂ ಕಡ್ಡಿಗಳೂ ಸೇರಿದಾಗ, ಯಾರ ಗಮನಕ್ಕೂ ಬಾರದಂತೆ ಉರಿಯುವ ಕಡ್ಡಿಯೊಂದನ್ನು ಅದರೊಳಗೆ ತೂರಿಸಿ, ಹೊತ್ತಿಕೊಂಡ ಪುಟ್ಟ ಬೆಂಕಿಯನ್ನು ಮಗುವಿನ ಹಿಗ್ಗಿನಿಂದ ಓರೆಗಣ್ಣಲ್ಲಿ ನೋಡುತ್ತಿದ್ದ ಗಾರ್ಕಿ ಅಲ್ಲಿ ಸಿಗುತ್ತಾರೆ. ಸಾಂತ್ವನ ಕೊಡುವ ಸುಳ್ಳನ್ನು ಅವರು ಪ್ರೀತಿಸುತ್ತಿದ್ದರು ಎಂಬ ಕಠಿಣ ಮಾತೂ ಅದೇ ಚಿತ್ರದಲ್ಲಿದೆ. ಟಾಲ್‌ಸ್ಟಾಯ್ ಅವರ ಬೆರಳುಗಳನ್ನು ಅಷ್ಟು ಹತ್ತಿರದಿಂದ ನೋಡಿದವರನ್ನು ಇನ್ನೊಬ್ಬರು ಅಷ್ಟೇ ಹತ್ತಿರದಿಂದ ನೋಡಿದರು.

ಇಷ್ಟು ಹರಿತವಲ್ಲದ, ಮನಸ್ಸಿಗೆ ತಂಪೆನಿಸುವ ಚಿತ್ರ ಇಲ್ಲವೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕಥೆಗಾರ, ನಾಟಕಕಾರ ಚೆಕಾವ್ ಅವರನ್ನು ಕುರಿತು ಗಾರ್ಕಿ ಬರೆದದ್ದನ್ನು ಮುಂದಿನ ಸಂಚಿಕೆಯಲ್ಲಿ, ಈ ಸಲ ಟಿಪ್ಪಣಿಯ ಸಮೇತ, ಕೊಡಲಿದ್ದೇವೆ. ಅದು ಶುರುವಾಗುವುದೇ ಕಾಯಿಲೆ ಬಿದ್ದ ಹಳ್ಳಿಮೇಷ್ಟರುಗಳಿಗಾಗಿ ಒಂದು ಆರೋಗ್ಯಧಾಮ ಕಟ್ಟಿಸಬೇಕೆಂಬ ಚೆಕಾವ್ ಅವರ ಕನಸಿನಿಂದ. ಅದರಲ್ಲಿಯೇ ಒಂದು ದಿನ ಬೆಡಗಿನ ಉಡುಪಿನ ಮೂವರು ಹೆಂಗಸರು ಬಂದು, ಗಂಭೀರರಾಗಿ ಕಾಣಬೇಕೆಂದು, ಗ್ರೀಕರಿಗೂ ತುರ್ಕರಿಗೂ ನಡೆಯುವ ಯುದ್ಧದಲ್ಲಿ ಗೆಲ್ಲುವವರು ಯಾರು, ತಮಗೆ ಯಾರು ಹೆಚ್ಚು ಇಷ್ಟ ಎಂದು ಚೆಕಾವ್ ಅವರನ್ನು ಕೇಳುತ್ತಾರೆ. ಅವರು ಮೃದುವಾಗಿ, ನನಗೆ ಮಾರ್ಮಲೇಡ್ ಇಷ್ಟ, ನಿಮಗೆ ಎನ್ನುತ್ತಾರೆ. ಆ ಹಣ್ಣಿನ ಸಿಹಿಯ ಮಾತು ಬಂದದ್ದೇ ತಡ, ಮೂವರ ಬಿಗುಮಾನವೂ ಸಡಿಲವಾಗಿ, ಯಾವ ಅಂಗಡಿಯದು ಒಳ್ಳೆಯದೆಂದು ತಿಳಿದು ಅರಿತು ಮಾತನಾಡತೊಡಗುತ್ತಾರೆ, ಹೊರಡುವಾಗ ಕಳಿಸಿಕೊಡುತ್ತೇವೆಂದು ಮಾತು ಕೊಟ್ಟು ಹೋಗುತ್ತಾರೆ. ಸೊಗಸಾಗಿ ಮಾತಾಡಿಸಿದಿರಿ ಎಂದ ಗಾರ್ಕಿಗೆ ಚೆಕಾವ್ ಮೆಲ್ಲಗೆ ನಕ್ಕು, ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತನಾಡಬೇಕಲ್ಲ ಎನ್ನುತ್ತಾರೆ.

ಇತಿ,
ಸಂಪಾದಕ