ನಾಲ್ಕೂ ಹತ್ತಕ್ಕೆ ನಿಂತ ಗಡಿಯಾರ

ಆನ್‌ಲೈನ್‌ನಲ್ಲಿ ಪದವಿ ಓದುವವರು ಆಪ್ತಸಲಹೆಗೆ ನನ್ನ ಹತ್ತಿರ ಬರುವುದು ಈಗ ಜಾಸ್ತಿಯಾಗಿದೆ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು: "ಓದೋಕೆ ಮನಸ್ಸು ಬರ್ತಿಲ್ಲ, ಒಂದು ಟೈಮ್‌ಟೇಬಲ್ ಹಾಕಿಕೊಡಿ." ಮೊದಲೆಲ್ಲ ಹಾಕಿಕೊಡುತ್ತಿದ್ದೆ. ಅದನ್ನು ಬಿಡಲು ಈ ಪ್ರಕರಣ ಕಾರಣ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಆ ವಿದ್ಯಾರ್ಥಿನಿಯ ಒಪ್ಪಿಗೆಯೂ ಇದೆ. ಗಡಿಯಾರವನ್ನು ಮಾತ್ರ ಬದಲಿಸಲಿಲ್ಲ. ಅದನ್ನು ಬದಲಿಸಬೇಡಿ ಅಂತ ಅವರೇ ಹೇಳಿದರು.

ಅವರು ಹಗಲು ಕೆಲಸ ಮಾಡಿ ರಾತ್ರಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದರು. ಎರಡನೇ ಸೆಮಿಸ್ಟರ್. ಅಂಕಗಳು ಚೆನ್ನಾಗಿಯೇ ಇದ್ದವು. ಮನೆಯಲ್ಲಿ ತೊಂದರೆ ಇರಲಿಲ್ಲ. ಆದರೂ ಕೋರ್ಸ್ ಬಿಡಬೇಕು ಅನ್ನಿಸುತ್ತಿತ್ತು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಒಂಟಿತನ ಅಂತ ಅಂದಾಜು ಮಾಡಿ, "ನಿಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಸ್ನೇಹಕೂಟಕ್ಕೆ ಸೇರಿ" ಅಂದೆ. ಸೇರಿದರು. ಎಪ್ಪತ್ತು ಜನ, ಒಂದು ಕ್ವಿಜ್, ಒಬ್ಬರ ಜೋಕಿಗೆ ಚಾಟ್‌ನಲ್ಲಿ ಸಾಲುಸಾಲು ನಗುವ ಎಮೋಜಿ. ಇವರು ಮ್ಯೂಟ್‌ನಲ್ಲಿ ಮುಕ್ಕಾಲು ಗಂಟೆ ಕೂತು ಎದ್ದು ಬಂದರು. "ಮೊದಲು ಒಬ್ಬಳೇ ಇದ್ದೆ ಸರ್, ಅವತ್ತು ಎಪ್ಪತ್ತು ಜನರ ಮಧ್ಯೆ ಒಬ್ಬಳೇ ಇದ್ದೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಭೇಟಿಯಲ್ಲಿ ಅರ್ಧ ಗಂಟೆ ಸುಮ್ನೆ ಅಸೈನ್‌ಮೆಂಟ್, ರೆಕಾರ್ಡಿಂಗ್ ಅಂತ ಮಾತಾಡಿದೆವು. ಕೊನೆಗೆ ಬ್ಯಾಗಿನ ಜಿಪ್ ಎಳೆಯುತ್ತ, ಲೆಕ್ಕ ಹೇಳುವವರ ಹಾಗೆ ಹೇಳಿದರು: "ನಾಳೆ ನಾನು ಬಿಟ್ಟರೆ ಗೊತ್ತಾಗೋದು ಫೀಸು ವಸೂಲಿ ಮಾಡೋರಿಗೆ ಮಾತ್ರ."

ಅಯ್ಯೋ ಹಾಗಲ್ಲ ಅನ್ನಬಹುದಿತ್ತು. ಬಾಯಿಗೂ ಬಂದಿತ್ತು. ಅದರ ಬದಲು ಕೇಳಿದೆ: "ನಿಮ್ಮ ಕ್ಲಾಸಲ್ಲಿ ಯಾರಾದರೂ ಬಿಟ್ಟಿದ್ದಾರಾ?"

"ಗೊತ್ತಿಲ್ಲ" ಅಂದವರು ಜಿಪ್ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು. ಕ್ಯಾಮೆರಾ ಆನ್ ಮಾಡುವ ನಾಲ್ಕೈದು ಜನರಲ್ಲಿ ಒಬ್ಬ ಹುಡುಗ. ಅವನ ಹಿಂದಿನ ಗೋಡೆಯಲ್ಲಿ ಒಂದು ಗಡಿಯಾರ. ಅದು ಯಾವಾಗ ನೋಡಿದರೂ ನಾಲ್ಕೂ ಹತ್ತು. ಪಾಠ ಬೇಜಾರಾದಾಗಲೆಲ್ಲ ಇವರು ಅದನ್ನೇ ನೋಡುತ್ತಿದ್ದರಂತೆ. ಇವನ್ಯಾಕೆ ಬ್ಯಾಟರಿ ಹಾಕಲ್ಲ ಅಂತ ಒಳಗೊಳಗೇ ಬೈದುಕೊಂಡದ್ದೂ ಇದೆ. "ಮೂರು ವಾರ ಆಯ್ತು ಸರ್, ಆ ಗಡಿಯಾರ ಕಾಣ್ತಿಲ್ಲ."

"ಮತ್ತೆ ಗೊತ್ತಿಲ್ಲ ಅಂದ್ರಿ?"

"ಗೊತ್ತಿತ್ತು. ಕೇಳೋಕೆ ನಾನ್ಯಾರು ಅನ್ನಿಸ್ತು."

ಎಲ್ಲರೂ ಎಲ್ಲರನ್ನೂ ಗಮನಿಸುತ್ತಿರುತ್ತಾರೆ, ಯಾರೂ ಯಾರಿಗೂ ಹೇಳುವುದಿಲ್ಲ. ಕಟ್ಟಡ ಇರುವ ಕಾಲೇಜಿನಲ್ಲಿ ಈ ಸಂಕೋಚ ಮುರಿಯಲು ಕಾರಿಡಾರ್ ಇದೆ, ಬಾಗಿಲ ಹತ್ತಿರದ ನೂಕಾಟ ಇದೆ. ಆನ್‌ಲೈನ್‌ನಲ್ಲಿ ಮೇಷ್ಟ್ರು ಬಟನ್ ಒತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಮಾಯ. ಕ್ಲಾಸ್ ಮುಗಿದ ಮೇಲಿನ ಐದು ನಿಮಿಷ ಅನ್ನೋದೇ ಅಲ್ಲಿಲ್ಲ.

ನಾನು ಕೊಟ್ಟ ಸಲಹೆ ಸಣ್ಣದು. ದೊಡ್ಡ ಗುಂಪಿನಲ್ಲಿ ಬರೆಯಬೇಡಿ, ಅವನೊಬ್ಬನಿಗೇ ಬರೆಯಿರಿ. ಹೇಗಿದ್ದೀಯ, ಏನಾದರೂ ಸಹಾಯ ಬೇಕಾ ಅಂತ ಕೇಳಬೇಡಿ. ಅದಕ್ಕೆ ಜನ "ಚೆನ್ನಾಗಿದೀನಿ" ಅಂತ ಬರೆದು ಬಾಗಿಲು ಹಾಕಿಕೊಳ್ಳುತ್ತಾರೆ. ಗಡಿಯಾರದ ವಿಷಯ ಕೇಳಿ. ಜೊತೆಗೆ ಅವನಿಂದ ಏನಾದರೂ ಬೇಡಿ, ಒಂದು ನೋಟ್ಸು, ಒಂದು ಲೆಕ್ಕ. ಆಮೇಲೆ ಇಬ್ಬರೋ ಮೂವರೋ ಸೇರಿ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ನಲವತ್ತು ನಿಮಿಷ ಕೂತು ಓದಿ. ಮೊದಲ ಐದು ನಿಮಿಷ ಕ್ಯಾಮೆರಾ, ಆಮೇಲೆ ಬೇಕಾದರೆ ಆಫ್. ಮಾತಾಡಲೇಬೇಕು ಅಂತೇನಿಲ್ಲ.

ಮಾತಿಲ್ಲದೆ ಎಂಥ ಸ್ನೇಹ ಅಂತ ಕೇಳುವವರಿಗೆ ಒಂದು ಪ್ರಯೋಗ ಹೇಳುತ್ತೇನೆ. 1992ರಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಪ್ರಕಟಿಸಿದರು. ನೋಡಲು ಒಂದೇ ಥರ ಇದ್ದ ನಾಲ್ವರು ಯುವತಿಯರಲ್ಲಿ ಒಬ್ಬಳು ಕ್ಲಾಸಿಗೆ ಒಮ್ಮೆಯೂ ಹೋಗಲಿಲ್ಲ. ಉಳಿದವರು 5, 10, 15 ಸಲ ಹೋದರು. ಯಾರ ಜೊತೆಗೂ ಮಾತಾಡದೆ ಕೂತು ಬಂದರು. ಕೊನೆಗೆ ಫೋಟೋ ತೋರಿಸಿದಾಗ, ಜಾಸ್ತಿ ಸಲ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಇಷ್ಟವಾದಳು. ಸುಮ್ನೆ ಬಂದು ಕೂರುವುದೂ ಏನೋ ಮಾಡುತ್ತದೆ, ಅಲ್ವಾ?

ಇನ್ನು ಕ್ಯಾಮೆರಾ ಆಫ್ ಯಾಕೆ ಅಂದರೆ, ಸ್ವಂತ ಮುಖವನ್ನೇ ಹೊತ್ತುಗಟ್ಟಲೆ ನೋಡುತ್ತ ಕೂರುವುದು ದಣಿಸುತ್ತದೆ. ವಿಡಿಯೋ ಸಭೆಗಳ ಸುಸ್ತಿಗೆ ಸಂವಹನ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ಪಟ್ಟಿ ಮಾಡಿದ ನಾಲ್ಕು ಕಾರಣಗಳಲ್ಲಿ ಇದೂ ಒಂದು.

ನನ್ನ ಸಹೋದ್ಯೋಗಿಯೊಬ್ಬರು ಈ ಸಲಹೆ ಒಪ್ಪಲಿಲ್ಲ. "ಸಂಸ್ಥೆ ಮಾಡಬೇಕಾದ ಕೆಲಸವನ್ನು ದಣಿದ ಹುಡುಗಿ ತಲೆಗೆ ಕಟ್ಟಿದ್ರಿ" ಅಂದರು. ಅರ್ಧ ನಿಜ. ಓದು ಬಿಡುವುದು ಬುದ್ಧಿಯ ಕೊರತೆಯಿಂದ ಮಾತ್ರವಲ್ಲ, ಆ ಜಾಗಕ್ಕೂ ಅಲ್ಲಿನ ಜನಕ್ಕೂ ಹೊಂದಿಕೊಳ್ಳಲಾಗದೆಯೂ ಹೌದು ಅಂತ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲೇ ಬರೆದರು. ಅಂದರೆ ಸಂಸ್ಥೆಗೂ ಜವಾಬ್ದಾರಿ ಇದೆ. ಪಾಠ ಮಾಡುವವರಲ್ಲಿ ನನ್ನದೊಂದು ತಕರಾರು: ಬ್ರೇಕೌಟ್ ರೂಮಿಗೆ, ಅಂದರೆ ಆನ್‌ಲೈನ್ ಕ್ಲಾಸಿನೊಳಗೆ ಮಾಡುವ ಸಣ್ಣ ಗುಂಪಿಗೆ, ಪ್ರತಿ ಸಲ ಹೊಸ ನಾಲ್ಕು ಜನರನ್ನು ಯಾಕೆ ತಳ್ಳುತ್ತೀರಿ? ಹತ್ತು ನಿಮಿಷದಲ್ಲಿ ಆರು ನಿಮಿಷ ಹೆಸರು ಹೇಳಿಕೊಳ್ಳುವುದರಲ್ಲೇ ಹೋಗುತ್ತದೆ. ಅದೇ ನಾಲ್ವರನ್ನು ಸೆಮಿಸ್ಟರ್ ಪೂರ್ತಿ ಒಟ್ಟಿಗೆ ಇಡಿ. ಜಗಳವಾಡಲಿ, ರಾಜಿಯಾಗಲಿ.

ಆದರೆ ನನ್ನ ಎದುರು ಕೂತದ್ದು ಸಂಸ್ಥೆಯಲ್ಲ. ಮುಂದಿನ ವಾರವೇ ಕೋರ್ಸ್ ಬಿಡಲಿದ್ದ ಒಬ್ಬರು. ಅವರ ಕೈಯಲ್ಲಿದ್ದದ್ದು ಒಂದು ಫೋನು, ಒಂದು ಗಡಿಯಾರದ ನೆನಪು. ಅಷ್ಟರಲ್ಲೇ ಏನಾದರೂ ಮಾಡಬೇಕಿತ್ತು.

ಬರೆದರು. ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ನನಗೂ ಹಿತವಾಗಿರಲಿಲ್ಲ. ಮೂರನೇ ದಿನ ಬಂತು: "ಗಡಿಯಾರ ನೋಡ್ತಿದ್ರಾ? ಅದು ಕೆಟ್ಟಿದೆ ಅಂತ ಮನೇಲಿ ಯಾರೂ ಹೇಳಿರಲಿಲ್ಲ." ಅವನ ಕೆಲಸದ ಪಾಳಿ ಬದಲಾಗಿತ್ತು. ಆ ಸೆಮಿಸ್ಟರ್‌ಗೆ ಅವನು ವಾಪಸ್ ಬರಲಿಲ್ಲ, ಮುಂದೆ ನೋಡೋಣ ಅಂದ. ತನ್ನ ನೋಟ್ಸನ್ನು ಮಾತ್ರ ಇವರಿಗೆ ಕಳಿಸಿದ. ಅದನ್ನು ಇಟ್ಟುಕೊಂಡು ಇವರು ಕ್ಲಾಸಿನ ಇನ್ನಿಬ್ಬರನ್ನು ಕೇಳಿದರು. ಗುರುವಾರ ರಾತ್ರಿ ಅಂತ ನಿಗದಿಯಾಯಿತು.

ಎರಡು ತಿಂಗಳ ನಂತರ ಬಂದಾಗ ಕೂರುವ ಮೊದಲೇ ದೂರು ಶುರು. ಮೂವರಲ್ಲಿ ಒಬ್ಬಳು ಕೀಬೋರ್ಡನ್ನು ಟಪಟಪ ಕುಟ್ಟುತ್ತಾಳಂತೆ, ಮ್ಯೂಟ್ ಮಾಡು ಅಂದರೆ ಮುನಿಸಿಕೊಂಡಳಂತೆ, ಕಳೆದ ಗುರುವಾರ ಬೇಕಂತಲೇ ಹತ್ತು ನಿಮಿಷ ತಡವಾಗಿ ಬಂದಳಂತೆ. "ನೀವೇ ಹೇಳಿ ಸರ್, ತಪ್ಪು ಯಾರದು?"

ಯಾರ ಪರವೂ ವಹಿಸಲಿಲ್ಲ. ಫೈಲಿನಲ್ಲಿ 'ಜಗಳ' ಅಂತ ಬರೆದುಕೊಂಡೆ. ಮುಂದಿನ ಭೇಟಿಗೆ ದಿನಾಂಕ ಕೊಡಲಿಲ್ಲ.