ಬಿಡಿ ಬ್ರಿಕ್‌ಗಳಲ್ಲಿ ಕೊರಿಯಾದ ಆಮೆ ಹಡಗು ಕಟ್ಟುವುದು ಹೇಗೆ?

ಸಿದ್ಧ ಸೆಟ್ ಬೇಡ, ಬಿಡಿ ಲೆಗೋ ಬ್ರಿಕ್‌ಗಳಲ್ಲೇ ಆಮೆ ಹಡಗು ಕಟ್ಟಬೇಕು, ಅಳತೆ ಎಲ್ಲಿಂದ ತರಲಿ, ಬೆನ್ನಿಗೆ ಕಬ್ಬಿಣದ ಬಣ್ಣ ಬೇಕೇ ಎಂದು ಕೇಳಿದ್ದೀರಿ. ಈ ಹಡಗನ್ನು ನಾನು ಕಟ್ಟಿದ್ದೇನೆ, ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಎಲ್ಲರ ಕಣ್ಣು ಮೊದಲು ಹೋಗುವುದು ಮುಳ್ಳಿನ ಬೆನ್ನಿಗೆ, ಅಂದರೆ ಆಮೆಯ ಚಿಪ್ಪಿನಂತೆ ಹಡಗನ್ನು ಮುಚ್ಚುವ ಮೇಲ್ಮುಚ್ಚಿಗೆಗೆ. ನೀವು ಅದನ್ನು ಸದ್ಯಕ್ಕೆ ಬದಿಗಿಟ್ಟು ತಳ ಹಾಕಿ.

ಯಾಕೆಂದರೆ ಕೊರಿಯನ್ನರು ಗೊಬುಕ್‌ಸನ್ ಎನ್ನುವ ಈ ಹಡಗಿನ ಒಡಲು ಪಾನೊಕ್‌ಸನ್‌ನದೇ. ಪಾನೊಕ್‌ಸನ್ 1555ರಿಂದ ಜೋಸನ್ (ಅಂದಿನ ಕೊರಿಯಾ ರಾಜ್ಯ) ನೌಕಾಪಡೆ ಕಟ್ಟುತ್ತಿದ್ದ ಯುದ್ಧನೌಕೆ. ಕೆಳಗೆ ಹುಟ್ಟು ಹಾಕುವವರು, ಮೇಲಿನ ಅಟ್ಟದಲ್ಲಿ ಹೋರಾಡುವವರು. 1592ರಲ್ಲಿ ಜಪಾನಿನ ದಂಡು ಬಂದಿಳಿಯುವ ಹೊತ್ತಿಗೆ ಯೊಸು ನೌಕಾನೆಲೆಯಲ್ಲಿ ಸೇನಾಪತಿ ಯಿ ಸುನ್-ಶಿನ್ ಇಂಥದೇ ಅಳತೆಯ ಒಡಲಿನ ಮೇಲೆ ಹಲಗೆಯ ಮುಚ್ಚಿಗೆ ಹಾಕಿಸಿ ಸಿದ್ಧವಾಗಿದ್ದರು. ಹಾಗಾಗಿ ಒಡಲು ಸರಿಬಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ತಳ ಪೂರ್ತಿ ಚಪ್ಪಟೆ ಇರಲಿ. ಕೊರಿಯಾದ ದಕ್ಷಿಣ, ಪಶ್ಚಿಮ ಕರಾವಳಿಯಲ್ಲಿ ಉಬ್ಬರವಿಳಿತ ಜೋರು. ನೀರು ಇಳಿದಾಗ ಹಡಗು ಕೆಸರಿನ ಮೇಲೆ ನೆಟ್ಟಗೆ ಕೂರಬೇಕು, ಇಕ್ಕಟ್ಟಿನಲ್ಲಿ ನಿಂತಲ್ಲೇ ತಿರುಗಬೇಕು. ಯುರೋಪಿನ ಹಡಗುಗಳಿಗೆಂದು ಬರುವ ಚೂಪು ತಳದ ಬಿಡಿಭಾಗಗಳನ್ನು ಇಲ್ಲಿ ದಯವಿಟ್ಟು ಬಳಸಬೇಡಿ.

ಇನ್ನು ಅಳತೆ. ರಾಜ ಜೊಂಗ್‌ಜೊ ಕಾಲದಲ್ಲಿ, 1795ರಲ್ಲಿ, ಯಿ ಸುನ್-ಶಿನ್ ಅವರ ಸಮಗ್ರ ಬರಹಗಳ ಸಂಪುಟ ಸಿದ್ಧವಾಯಿತು. ಅದರಲ್ಲಿ ಆಮೆ ಹಡಗಿನ ಚಿತ್ರಗಳ ಜೊತೆಗೆ ಚೊಕ್ ಎಂಬ ಮಾನದಲ್ಲಿ ಅಳತೆಗಳೂ ಇವೆ. ಅದು ಆಗ ಬಳಕೆಯಲ್ಲಿದ್ದ ಹಡಗಿನ ಅಳತೆ, ಯುದ್ಧ ಕಳೆದು ಸುಮಾರು ಇನ್ನೂರು ವರ್ಷದ ನಂತರದ್ದು. ಆದರೂ ಇಷ್ಟು ವಿವರವಾಗಿ ಹಲಗೆ ಹಲಗೆಯನ್ನೂ ಎಣಿಸಿ ಬರೆದದ್ದು ಸಿಕ್ಕಿರುವುದು ನಮ್ಮ ಪುಣ್ಯ. ಒಂದು ಚೊಕ್ ಸುಮಾರು 31 ಸೆಂ.ಮೀ. ಒಂದು ಸ್ಟಡ್, ಅಂದರೆ ಬ್ರಿಕ್ ಮೇಲಿನ ಒಂದು ಗುಂಡು ಉಬ್ಬಿನ ಜಾಗ, 8 ಮಿ.ಮೀ. ಒಂದು ಚೊಕ್‌ಗೆ ಒಂದು ಸ್ಟಡ್ ಎಂದಿಟ್ಟುಕೊಂಡರೆ ಮಾದರಿ ಹೆಚ್ಚುಕಡಿಮೆ 1:40ಕ್ಕೆ ಬರುತ್ತದೆ. ನಾಲ್ಕು ಸೆಂ.ಮೀ. ಎತ್ತರದ ಲೆಗೋ ಮನುಷ್ಯ ಅದರ ಪಕ್ಕದಲ್ಲಿ ಸರಿಯಾದ ಆಳಾಗಿಯೇ ನಿಲ್ಲುತ್ತಾನೆ! ಈ ಲೆಕ್ಕ ಕೂಡಿಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕ್ಯಾಲ್ಕುಲೇಟರ್ ಮುಟ್ಟದೆ ಆ ಪುಸ್ತಕದ ಅಂಕಿಗಳನ್ನೇ ನೇರವಾಗಿ ಕಟ್ಟಬಹುದು.

ತಳದ ಉದ್ದ 64.8 ಚೊಕ್, ಅಂದರೆ 65 ಸ್ಟಡ್. ಅಗಲ ಮುಂದೆ 12, ನಡುವೆ 14.5, ಹಿಂದೆ 10.6. ಇವನ್ನು ನಾನು 12, 14, 10 ಎಂದು ಸಮಸಂಖ್ಯೆಗೆ ಇಳಿಸುತ್ತೇನೆ. ಮೇಲೆ ಮುಚ್ಚಿಗೆಯ ನಟ್ಟನಡುವೆ ಕೂವೆಕಂಬವನ್ನು ಎಬ್ಬಿಸಿ ಮಲಗಿಸಲು ಒಂದೂವರೆ ಚೊಕ್ ಸೀಳು ಬಿಡುತ್ತಿದ್ದರು. ಅಗಲ ಸಮಸಂಖ್ಯೆಯಾದರೆ ಆ ಎರಡು ಸ್ಟಡ್ ಸೀಳು ತಾನಾಗಿ ಮಧ್ಯಕ್ಕೆ ಬೀಳುತ್ತದೆ. ಎರಡೂ ಬದಿಗೆ ಏಳೇಳು ಹಲಗೆ, ಒಟ್ಟು ಎತ್ತರ 7.5 ಚೊಕ್. ಗೋಡೆಯನ್ನು ಬ್ರಿಕ್ ಮೇಲೆ ಬ್ರಿಕ್ ಇಟ್ಟು ಏರಿಸುವ ಬದಲು ಸ್ಟಡ್ ಹೊರಮುಖವಾಗಿರುವ ಹಾಳೆಯಂತೆ ಬೇರೆಯಾಗಿ ಕಟ್ಟಿ, ಒಂದು ಸ್ಟಡ್ ಅಗಲದ ಟೈಲ್‌ಗಳನ್ನು (ಮೇಲೆ ಉಬ್ಬಿಲ್ಲದ ನುಣುಪು ತುಂಡುಗಳು) ಏಳು ಸಾಲು ಅಂಟಿಸಿ. ಪ್ರತಿ ಸಾಲೂ ಒಂದು ಹಲಗೆ. ಕೆಳಗಿನ ಹಲಗೆಯ ಉದ್ದ 68 ಚೊಕ್, ಮೇಲಿನದು 113. ಹಾಗಾಗಿ ಒಡಲು ಮೇಲೇರಿದಂತೆ ಹಿಂದೆಮುಂದೆ ಚಾಚುತ್ತದೆ. ಈ ಹಾಳೆಗಳನ್ನು ಹಿಂಜ್ ಪ್ಲೇಟ್‌ಗಳಿಂದ (ಬಾಗಿಲ ತಿರುಗಣೆಯಂತೆ ಮಡಚುವ ತುಂಡುಗಳು) ತಳಕ್ಕೆ ಸೇರಿಸಿ ಸ್ವಲ್ಪ ಹೊರಗೆ ವಾಲಿಸಿ. ಮೇಲ್ತುದಿಯಲ್ಲಿ ಮಾದರಿ 90 ಸೆಂ.ಮೀ. ಆಗುತ್ತದೆ, ಎತ್ತುವಾಗ ನಡುವೆ ಮುರಿಯದಂತೆ ಒಳಗೆ ಟೆಕ್ನಿಕ್ ಬೀಮ್‌ಗಳ (ಲೆಗೋದ ಗಟ್ಟಿ ತೊಲೆಯಂಥ ತುಂಡುಗಳು) ಬೆನ್ನೆಲುಬು ಬೇಕೇ ಬೇಕು. ಮೊದಲು ಬ್ರಿಕ್‌ಲಿಂಕ್‌ನ ಸ್ಟುಡಿಯೋ ತಂತ್ರಾಂಶದಲ್ಲಿ ಕಟ್ಟಿ ನೋಡಿ, ಪುಕ್ಕಟೆ.

ಹುಟ್ಟುಗಳು ಎಡಕ್ಕೆ 10, ಬಲಕ್ಕೆ 10. ಅಡ್ಡಡ್ಡ ಚಾಚಬೇಡಿ. ಕೊರಿಯಾದ ಹುಟ್ಟು ಓರೆಯಾಗಿ ಕೆಳಕ್ಕಿಳಿದು ನೀರಿನಲ್ಲಿ ಅತ್ತಿತ್ತ ಸೀಳುತ್ತದೆ.

ಕಬ್ಬಿಣದ ವಿಷಯಕ್ಕೆ ಬಂದೆ. ಯಿ ಸುನ್-ಶಿನ್ ತಾವೇ 1592ರಲ್ಲಿ ಆಸ್ಥಾನಕ್ಕೆ ಕಳಿಸಿದ ವರದಿಯಲ್ಲಿ ಹೇಳುವುದು: ಮುಂದೆ ಡ್ರ್ಯಾಗನ್ ತಲೆ, ಅದರ ಬಾಯಿಂದ ಫಿರಂಗಿ, ಬೆನ್ನ ಮೇಲೆ ಕಬ್ಬಿಣದ ಮುಳ್ಳು. ಕಬ್ಬಿಣದ ತಗಡಿನ ಮಾತು ಅಲ್ಲಿಲ್ಲ. ಅವರ ಅಣ್ಣನ ಮಗ ಯಿ ಬುನ್ ಬರೆದ ಚರಿತ್ರೆಯಲ್ಲೂ ಇರುವುದು ಹಲಗೆ, ಅದರ ಮೇಲೆ ಅಲಗುಗಳು. ಕಬ್ಬಿಣ ಹೊದಿಸಿತ್ತು ಎನ್ನುವುದು ಜಪಾನಿ ಕಡೆಯ ಒಂದು ಬರಹದಲ್ಲಿದೆ. ವಿದ್ವಾಂಸರ ವಾದ ಮುಗಿದಿಲ್ಲ. ನಾನಂತೂ ಕಟ್ಟಿಸಿದವನ ಮಾತನ್ನು ನಂಬಿ ಹಲಗೆಗೆ ಕಂದು, ಮುಳ್ಳಿಗೆ ಮಾತ್ರ ಬೂದು ಬಣ್ಣ ಕೊಡುತ್ತೇನೆ. ಬೆನ್ನ ಮೇಲೆ ಸೈನಿಕರು ಓಡಾಡಲು ಶಿಲುಬೆಯಾಕಾರದ ದಾರಿ ಇತ್ತಂತೆ, ಅಲ್ಲಿ ಮುಳ್ಳು ಬೇಡ. ಯುದ್ಧದ ವೇಳೆ ಮುಳ್ಳು ಕಾಣದಂತೆ ಹುಲ್ಲಿನ ಚಾಪೆ ಹಾಸುತ್ತಿದ್ದರು, ಹಾರಿ ಬಂದ ಶತ್ರು ಅದರ ಮೇಲೇ ಬೀಳಲಿ ಎಂದು. ಬೆನ್ನಿನ ಒಂದು ಪಾಲನ್ನು ಹುಲ್ಲಿನ ಬಣ್ಣದ ಟೈಲ್‌ಗಳಿಂದ ಮುಚ್ಚಿದರೆ ನೋಡುವವರಿಗೆ ಆ ಉಪಾಯ ಹೇಳದೆಯೇ ತಿಳಿಯುತ್ತದೆ.

ತಲೆ ಚಿಕ್ಕದಿರಲಿ. 1795ರ ಅಳತೆಯಲ್ಲಿ ಅದು 4.3 ಚೊಕ್ ಉದ್ದ, 3 ಚೊಕ್ ಅಗಲ ಅಷ್ಟೇ.

ಮುಚ್ಚಿಗೆಯನ್ನು ಒಡಲಿಗೆ ಬಿಗಿಯದೆ ಎತ್ತಿ ತೆಗೆಯುವಂತೆ ಮಾಡಿ. ಸಾಚೊನ್ ಕದನ ತೋರಿಸಬೇಕಿದ್ದರೆ ಮುಚ್ಚಿಗೆ ಹಾಕಿ, 1592ರಲ್ಲಿ ಆಮೆ ಹಡಗು ಮೊದಲು ಕಾದಿದ್ದು ಅಲ್ಲೇ. 1597ರ ಮ್ಯೊಂಗ್‌ನ್ಯಾಂಗ್ ಕದನ ತೋರಿಸುವುದಾದರೆ ಆಮೆ ಹಡಗು ತರಬೇಡಿ. ಅದಕ್ಕೂ ಮುಂಚೆ ಚಿಲ್‌ಚೊಲ್ಯಾಂಗ್ ಕದನದಲ್ಲಿ, ಬೇರೊಬ್ಬ ಸೇನಾಪತಿಯ ಕೈಯಲ್ಲಿ, ನೌಕಾಪಡೆಯ ಬಹುಪಾಲು ನಾಶವಾಗಿತ್ತು. ಯಿ ಸುನ್-ಶಿನ್ ಕೈಗೆ ಉಳಿದದ್ದು 13 ಪಾನೊಕ್‌ಸನ್. ಆಗ ಇದೇ ಒಡಲಿನ ಮೇಲೆ ಬಯಲು ಅಟ್ಟವನ್ನೂ ಸೇನಾಪತಿ ನಿಲ್ಲುವ ಗೋಪುರವನ್ನೂ ಕೂರಿಸಿ.