ಸೆಂಡೈಗೆ ಬರ್ತಿರೋರಿಗೆ: ಭೂಕಂಪ ಆದಾಗ ಜನ ಏನ್ಮಾಡ್ತಾರೆ ಅಂತ ಕೇಳಿದ್ರಲ್ಲ

ನಿಮ್ಮ ಪ್ರಶ್ನೆ ನೋಡಿದೆ. ದಾವಣಗೆರೆಯಿಂದ ಸೀದಾ ಜಪಾನಿನ ಸೆಂಡೈ ಆಫೀಸಿಗೆ ಟ್ರಾನ್ಸ್‌ಫರ್, ಜೊತೆಗೆ ಮನೆಯವ್ರು, ಒಂದನೇ ಕ್ಲಾಸಿನ ಮಗಳು. ಮನೆ ಎಲ್ಲಿ ಮಾಡೋದು, ವೆಜ್ ಊಟ ಸಿಗುತ್ತಾ ಅಂತ ಕೇಳಿ ಕೊನೇಲಿ ಬರ್ದಿದೀರಿ, 2025ರ ಜುಲೈನಲ್ಲಿ ರಷ್ಯಾದ ಕಮ್ಚಾಟ್ಕಾ ಭೂಕಂಪ ಆಗಿ ಜಪಾನಲ್ಲೂ ಸುನಾಮಿ ಎಚ್ಚರಿಕೆ ಕೊಟ್ಟಿದ್ದನ್ನ ಟಿವಿಲಿ ನೋಡಿದಾಗಿಂದ ಅಮ್ಮ ಹೋಗ್ಬೇಡ ಅಂತಿದ್ದಾರೆ, ನಿಜವಾಗ್ಲೂ ದೊಡ್ಡದು ಬಂದ್ರೆ ಅಲ್ಲಿ ಜನ ಹೇಗೆ ರಿಯಾಕ್ಟ್ ಮಾಡ್ತಾರೆ ಅಂತ.

ಊಟದ್ದು ಚಿಂತೆ ಬೇಡ, ಬೇಳೆ ಮಸಾಲೆ ಎಲ್ಲ ಆನ್‌ಲೈನ್ ಬರುತ್ತೆ, ಹೊರಗಡೆ ತಿನ್ನೋವಾಗ ಸಾರಲ್ಲಿ ಮೀನಿದ್ಯಾ ಅಂತ ಕೇಳ್ಕೊಳ್ಳಿ ಅಷ್ಟೆ. ಮನೆ 1981ರ ನಂತರ ಕಟ್ಟಿದ್ದಾಗಿರಲಿ, ಆ ವರ್ಷ ಭೂಕಂಪದ ಕಟ್ಟಡ ನಿಯಮ ಬಿಗಿ ಮಾಡಿದ್ರು. ಸಮುದ್ರದ ಕಡೆ ವಾಕಬಾಯಾಶಿ, ಮಿಯಗಿನೊ ವಾರ್ಡಲ್ಲಿ ನೋಡೋದಾದ್ರೆ ಮೊದಲು ವಾರ್ಡ್ ಆಫೀಸಲ್ಲಿ ಸುನಾಮಿ ಮ್ಯಾಪ್ ಇಸ್ಕೊಳ್ಳಿ.

ಇನ್ನು ಜನದ ವಿಷಯ. ನಾನು 2009ರಲ್ಲಿ ಟೋಕಿಯೋಗೆ ಬಂದ ಹೊಸದರಲ್ಲಿ ಆಫೀಸಲ್ಲಿ ಒಂದಿನ ನೆಲ ಅಲುಗಾಡ್ತು. ನಾನು ಎದ್ದು ನಿಂತ್ಬಿಟ್ಟೆ, ಎದುರು ಸೀಟಿನ ಹಿರಿಯರು ತೂಗಾಡ್ತಿದ್ದ ಪರದೆ ದಾರ ಒಂದ್ಸಲ ನೋಡಿ "ಎರಡು" ಅಂದ್ಬಿಟ್ಟು ಮತ್ತೆ ಟೈಪ್ ಮಾಡೋಕೆ ಶುರು ಮಾಡಿದ್ರು, ಸ್ವಲ್ಪ ಹೊತ್ತಿಗೆ ಟಿವಿಲೂ ಶಿಂದೊ 2 ಅಂತಾನೇ ಬಂತು (ಶಿಂದೊ ಅಂದ್ರೆ ಆಯಾ ಜಾಗದಲ್ಲಿ ನೆಲ ಎಷ್ಟು ಅಲುಗಾಡ್ತು ಅನ್ನೋ ಜಪಾನಿನ ಅಳತೆ). 2011ರ ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2:46ಕ್ಕೆ ಅದೇ ಹಿರಿಯರು ಟೇಬಲ್ ಕಾಲು ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ರು, ಮುಖ ಬೆಳ್ಳಗಾಗಿತ್ತು, ನಿಮಿಷಗಟ್ಟಲೆ ಅಲುಗಾಟ ನಿಲ್ಲಲೇ ಇಲ್ಲ. 9.0 ಮ್ಯಾಗ್ನಿಟ್ಯೂಡ್, ಕೇಂದ್ರ ನಿಮ್ಮ ಸೆಂಡೈ ಇರೋ ಮಿಯಗಿ ಪ್ರಾಂತ್ಯದ ಕರಾವಳಿಯಾಚೆ ಸಮುದ್ರದಲ್ಲಿ. ಅಂದ್ರೆ ಇಲ್ಲಿಯವ್ರಿಗೂ ಭಯ ಆಗುತ್ತೆ, ಆದ್ರೆ ಕೈಕಾಲಿಗೆ ಅಭ್ಯಾಸ ಇರುತ್ತೆ, ಸಣ್ಣ ವಯಸ್ಸಿಂದ ಶಾಲೆಲಿ ಡ್ರಿಲ್ ಮಾಡಿ ಮಾಡಿ ಬಂದಿದ್ದು.

ಟ್ರೇನ್ ಎಲ್ಲ ನಿಂತೋದ್ವು. ಆಫೀಸಿದ್ದ ಓತೆಮಾಚಿಯಿಂದ ಮನೆಯಿದ್ದ ನಿಶಿ ಕಸಾಯಿವರೆಗೆ ನಡ್ಕೊಂಡೇ ಹೋದೆ, ರಸ್ತೆ ತುಂಬ ಜನ, ಹೆಲ್ಮೆಟ್ ಹಾಕ್ಕೊಂಡೋರು, ಹೀಲ್ಸ್ ಕೈಲಿ ಹಿಡ್ಕೊಂಡೋರು, ಕೂಗಾಟ ಇಲ್ಲ ತಳ್ಳಾಟ ಇಲ್ಲ, ಹಸಿರು ಪಬ್ಲಿಕ್ ಫೋನ್ ಮುಂದೆ ಉದ್ದಕ್ಕೆ ಕ್ಯೂ. ಅಂಗಡಿಲಿ ಬ್ರೆಡ್ಡು ನೀರು ಬ್ಯಾಟರಿ ಖಾಲಿ. ಚಿಬಾದ ಇಚಿಹಾರಾದಲ್ಲಿ ಒಂದು ತೈಲ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು, ಅದರಿಂದ ವಿಷದ ಮಳೆ ಬರುತ್ತೆ ಅಂತ ಮೆಸೇಜ್ ಓಡಾಡ್ತು, ಸುಳ್ಳು ಅಂತ ಅಧಿಕೃತವಾಗಿ ಹೇಳೋ ಹೊತ್ತಿಗೆ ಎಷ್ಟೋ ಜನ ಫಾರ್ವರ್ಡ್ ಮಾಡಾಗಿತ್ತು. ಎಲ್ಲರೂ ಹುಡುಕ್ತಿದ್ದಿದ್ದು ಮಾತ್ರ ಒಂದೇ, ನಮ್ಮೋರು ಎಲ್ಲಿದಾರೆ.

ಇದೇ ನಾನು ನಿಮಗೆ ಹೇಳ್ಬೇಕಿರೋದು. ನಮ್ಮ ಕಡೆ ಏನೇ ಆದ್ರೂ ಮೊದಲು ಮಗೂನ ಕರ್ಕೊಂಡು ಬರೋಕೆ ಓಡ್ತೀವಿ, ಅಪ್ಪ ಅಮ್ಮನ್ನ ಬಿಟ್ಟು ಹೊರಡಲ್ಲ, ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಆವತ್ತು ಸುನಾಮಿ ಬಂದಾಗ ಮಿಯಗಿ ಕಡೆಯ ಸಮುದ್ರದ ದಂಡೆ ಊರುಗಳಲ್ಲಿ ಎಷ್ಟೋ ಜನ ಎತ್ತರಕ್ಕೆ ಹೋದೋರು ಮನೆಯವ್ರನ್ನ ಹುಡ್ಕೊಂಡು ವಾಪಸ್ ಇಳಿದು ಸತ್ತರು. ಮೊದಲ ಎಚ್ಚರಿಕೆ ಮೂರೇ ನಿಮಿಷಕ್ಕೆ ಬಂತು, ಆದ್ರೆ ಅಲೆ ಮಿಯಗಿಗೆ 6 ಮೀಟರ್, ಅಕ್ಕಪಕ್ಕದ ಇವಾತೆ, ಫುಕುಶಿಮಾಕ್ಕೆ 3 ಮೀಟರ್ ಎತ್ತರ ಅಂದ್ರು, ತಡೆಗೋಡೆ ಇದ್ಯಲ್ಲ ಅಂತ ಕೆಲವರು ನಿಂತರು, ಆಮೇಲೆ 10 ಮೀಟರ್ ಅಂತ ಏರಿಸೋ ಹೊತ್ತಿಗೆ ಎಷ್ಟೋ ಕಡೆ ಕರೆಂಟೇ ಇರಲಿಲ್ಲ. ಇಶಿನೋಮಾಕಿಯ ಒಕಾವಾ ಪ್ರಾಥಮಿಕ ಶಾಲೇಲಿ ಮಕ್ಕಳನ್ನ ಅಂಗಳದಲ್ಲೇ ನಿಲ್ಲಿಸ್ಕೊಂಡಿದ್ರು, ಹಿಂದೇನೇ ಗುಡ್ಡ ಇತ್ತು, 74 ಮಕ್ಕಳು ಹೋದ್ವು. ಇವಾತೆಯ ಕಮಾಯಿಶಿಯಲ್ಲಿ ದೊಡ್ಡ ಮಕ್ಕಳು ಓಡೋಕೆ ಶುರು ಮಾಡಿದ್ರು, ಪಕ್ಕದ ಶಾಲೆ ಚಿಕ್ಕ ಮಕ್ಕಳು ಅವ್ರನ್ನ ನೋಡಿ ಹಿಂದೆ ಓಡಿದ್ರು, ಒಂದು ಜಾಗ ಸಾಲದು ಅನ್ಸಿ ಇನ್ನೂ ಮೇಲೆ ಹತ್ತಿದ್ರು, ಬದುಕಿದ್ರು. ಆ ಕರಾವಳಿಲಿ ಹಿರಿಯರು ಕಲಿಸಿದ್ದೇ ಅದು, ಯಾರಿಗೂ ಕಾಯದೆ ನೀನು ಮೇಲೆ ಓಡು, ನಿನ್ನವರೂ ಹಾಗೇ ಓಡಿರ್ತಾರೆ. ನಮಗೆ ಕೇಳೋಕೆ ಕಲ್ಲುಮನಸ್ಸು ಅನ್ಸುತ್ತೆ. ಅದಕ್ಕೇ ಮೊದಲೇ ಮಾತಾಡ್ಕೊಂಡಿರ್ಬೇಕು, ನಿಮ್ಮ ಮಗಳ ಶಾಲೆ ಎಲ್ಲಿಗೆ ಹತ್ತಿಸುತ್ತೆ, ಯಾವಾಗ ಯಾರ ಕೈಗೆ ಕೊಡುತ್ತೆ, ನಿಮ್ಮವ್ರು ಎಲ್ಲಿಗೆ ಹೋಗ್ತಾರೆ, ಎಲ್ಲ ತೀರ್ಮಾನ ಆಗಿರಲಿ. ಈಗ ತುಂಬಾ ದೊಡ್ಡ ಭೂಕಂಪಕ್ಕೆ ಮೊದಲ ಎಚ್ಚರಿಕೇಲಿ ಮೀಟರ್ ಲೆಕ್ಕ ಹೇಳಲ್ಲ. 2024ರ ಜನವರಿ 1ರಂದು ನೋಟೋ ಭೂಕಂಪದಲ್ಲಿ ಇಲ್ಲಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯ ಅನೌನ್ಸರ್ ಓಡಿ ಓಡಿ ಅಂತ ಕಿರುಚಿದ್ದು ಕೇಳಿ ನನ್ನ ಮೈ ನಡುಗ್ತು. 2011ರಲ್ಲಿ ಅಷ್ಟು ನಿಧಾನವಾಗಿ ಓದಿದ್ರಲ್ಲ, ಅದರಿಂದ ಕಲಿತಿದ್ದು.

ಊರಿನ ಕಡೇದೂ ಮೊದಲೇ ತೀರ್ಮಾನ ಮಾಡಿ. ಸೆಂಡೈ ಬಯಲಲ್ಲಿ ಹೊಲ, ಮನೆ, ಕಾರು ಎಲ್ಲ ಬಳ್ಕೊಂಡು ನೀರು ಬರ್ತಿದ್ದಿದ್ದನ್ನ ಹೆಲಿಕಾಪ್ಟರ್‌ನಿಂದ ಲೈವ್ ತೋರಿಸಿದಾಗ ನಮ್ಮೂರಲ್ಲಿ ಮಧ್ಯಾಹ್ನದ ಊಟದ ಹೊತ್ತು. ನಾನಿನ್ನೂ ಆ ವಿಡಿಯೋ ನೋಡೇ ಇರಲಿಲ್ಲ, ನಮ್ಮೂರು ಸಾಗರದಲ್ಲಿ ನಮ್ಮಮ್ಮ ಮತ್ತೆ ಮತ್ತೆ ಅದನ್ನೇ ನೋಡ್ತಾ ಕೂತಿದ್ರು, ಜಪಾನ್ ಅಂದ್ರೆ ಅವ್ರಿಗೆ ಸೆಂಡೈ ಯಾವ್ದು ಟೋಕಿಯೋ ಯಾವ್ದು. ಕಾಲ್ ಹೋಗ್ತಿಲ್ಲ. ಇಂಟರ್ನೆಟ್ ಮಾತ್ರ ನಡೀತಿತ್ತು, ಬೆಂಗಳೂರಲ್ಲಿದ್ದ ಚಿಕ್ಕಪ್ಪನ ಮಗ ಫೇಸ್‌ಬುಕ್ಕಲ್ಲಿ ನನ್ನ ಎರಡು ಸಾಲು ನೋಡಿ ಊರಿಗೆ ಫೋನ್ ಮಾಡೋವಷ್ಟರಲ್ಲಿ ರಾತ್ರಿ ಆಗಿತ್ತು. ಮಾರನೇ ದಿನದಿಂದ ಫುಕುಶಿಮಾ ಅಣುಸ್ಥಾವರದ ಸ್ಫೋಟ, ನಮ್ಮ ಚಾನೆಲ್‌ಗಳಲ್ಲಿ ಜಪಾನೇ ಮುಗೀತು ಅನ್ನೋ ಥರ. ಅನೇಕ ವಿದೇಶೀಯರು ಹೊರಟ್ರು, ನಾನು ಹೋಗ್ಲಿಲ್ಲ, ಅದು ಸರೀನೇ ಅಂತ ಇವತ್ತಿಗೂ ಅನ್ಸುತ್ತೆ. ಆ ತಿಂಗಳ ಕೊನೇಲಿ ನಮ್ಮ ಎನ್‌ಡಿಆರ್‌ಎಫ್‌ನ 46 ಜನ ನಿಮ್ಮ ಮಿಯಗಿಯ ಒನಗಾವಾಕ್ಕೆ ಬಂದು ಅವಶೇಷದಲ್ಲಿ ಹುಡುಕಾಟ ಮಾಡಿದ್ರು, ಅದನ್ನ ಆಫೀಸಲ್ಲಿ ಎಲ್ಲರಿಗೂ ತೋರಿಸಿದ್ದೆ. ಆದ್ರೆ ಅಮ್ಮನ ಮನಸ್ಸಲ್ಲಿ ಆ ನೀರು ಕೂತ್ಬಿಡ್ತು. ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದೆ, ಬರ್ತೀನಿ ಅಂತ ಒಪ್ಪಿದ್ದೋರು ಆಮೇಲೆ ಎಷ್ಟು ಕರೆದ್ರೂ ಬರಲಿಲ್ಲ, 2019ರಲ್ಲಿ ತೀರ್ಕೊಂಡ್ರು, ನನ್ನ ಮನೆ ನೋಡ್ಲೇ ಇಲ್ಲ.

ಹಾಗಾಗಿ ಬರೋ ಮುಂಚೆ ಅಮ್ಮನ ಪಕ್ಕ ಕೂತ್ಕೊಂಡು ಮ್ಯಾಪಲ್ಲಿ ಸಮುದ್ರ ಎಲ್ಲಿ, ನಿಮ್ಮ ಮನೆ ಎಲ್ಲಿ, ಆಫೀಸ್ ಎಲ್ಲಿ ಅಂತ ತೋರಿಸಿ. ಊರಲ್ಲಿ ಒಬ್ಬರನ್ನ ಗೊತ್ತು ಮಾಡಿ, ಅವ್ರಿಗೆ ಮೆಸೇಜ್ ಹಾಕಿದ್ರೆ ಅವ್ರೇ ಎಲ್ಲರಿಗೂ ಹೇಳ್ಬೇಕು, ಕಾಲ್ ಮೇಲೆ ಕಾಲ್ ಮಾಡೋದು ಬೇಡ. ಮತ್ತೆ ಮೊದಲನೇ ವರ್ಷಾನೇ ಅವ್ರನ್ನ ಕರೆಸ್ಕೊಳ್ಳಿ, ಏಪ್ರಿಲ್‌ನಲ್ಲಿ ಚಳಿ ಸ್ವಲ್ಪ ಕಮ್ಮಿ ಇರುತ್ತೆ, ವೀಸಾ ಕಾಗದ ಪತ್ರ ಜನವರಿಯಿಂದಾನೇ ರೆಡಿ ಮಾಡ್ಕೊಳ್ಳಿ. ಫಾರಂ ತುಂಬೋದ್ರಲ್ಲಿ ಡೌಟ್ ಇದ್ರೆ ನಂಗೆ ಕೇಳಿ.